ಮೊಸಳೆ, ನಾಗರ ಮತ್ತು ಮುಖ್ಯ ಅತಿಥಿ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ನೌಕರರು ಬಳಲಬಾರದೆಂಬ ಕಾಳಜಿ. ಫ್ಯಾನಿನ ಕೆಳಗೆ ಬಿಸಿಲು ಎಷ್ಟು ಉಗ್ರವಾಗಿರುತ್ತದೆ ಎಂಬುದು ನಡುಮಧ್ಯಾಹ್ನ ಮಣ್ಣು ಹೊರುವ ಉದ್ಯೋಗ ಖಾತ್ರಿಯ ಕೂಲಿಯವರಿಗೆ ಎಲ್ಲಿ ಅರ್ಥವಾಗಬೇಕು? ‘ಎಂಟಕ್ಕೆ ಬರಬೇಕಾದ ಸಾಹೇಬರು ಹನ್ನೊಂದಕ್ಕೆ ಬಂದು, ಸಮಯಪಾಲನೆಯ ಮೇಲಿನ ಗೌರವದಿಂದ ಒಂದೂವರೆಗೆ ಸರಿಯಾಗಿ ಎದ್ದು ಹೋದರು’ ಎಂದು ನಾನೊಮ್ಮೆ ಉತ್ಪ್ರೇಕ್ಷೆ ಮಾಡಿ ಬರೆದೆ. ಓದಿದವರಲ್ಲಿ ಒಬ್ಬರೂ ನಗಲಿಲ್ಲ. ‘ಯಾವ ಕಚೇರಿ, ನಮ್ಮದೇ ತಾನೇ?’ ಎಂದು ವಿಚಾರಿಸಿದರು.

ವಿಡಂಬನೆ ಬರೆಯುವವನ ಹೊಟ್ಟೆಯ ಮೇಲೆ ಹೊಡೆತ ಬಿದ್ದಿರುವುದು ಇಲ್ಲಿಯೇ. ಮುಖದ ಗಂಟು ಸಡಿಲಿಸದೆ, ಇದ್ದದ್ದಕ್ಕೆ ವಿರುದ್ಧವಾದುದನ್ನು ಹೊಗಳುತ್ತ ಹೋಗಿ, ಇದ್ದದ್ದು ತಾನಾಗಿ ಕಣ್ಣಿಗೆ ಬೀಳುವಂತೆ ಮಾಡುವುದು ನಮ್ಮ ಕಸುಬು. ಈಗ ಅದನ್ನು ನಮಗಿಂತ ಚೆನ್ನಾಗಿ, ಸಂಬಳ ಮತ್ತು ಭತ್ಯೆ ಸಮೇತ, ಇತರರು ಮಾಡುತ್ತಿದ್ದಾರೆ. ಕಲಬುರಗಿ ರೈಲ್ವೆ ವಿಭಾಗದ ಘೋಷಣೆಯಾಗಿ ಹತ್ತು ವರ್ಷ ದಾಟಿತು. ವಿಭಾಗ ಬಂದಿಲ್ಲ. ‘ಶೀಘ್ರದಲ್ಲೇ’ ಎಂಬ ಹೇಳಿಕೆ ಮಾತ್ರ ವರ್ಷ ವರ್ಷವೂ ಯಾವ ರೈಲಿಗೂ ಇಲ್ಲದ ನಿಷ್ಠೆಯಿಂದ ಸಮಯಕ್ಕೆ ಸರಿಯಾಗಿ ಬರುತ್ತದೆ. ಇದಕ್ಕೆ ಇನ್ನು ನಾನು ಏನನ್ನು ಸೇರಿಸಲಿ?

ಜೊತೆಗೆ ಹಿತವಚನಗಳ ಕಾಟ ಬೇರೆ. ‘ಬರೆಯಿರಿ, ಆದರೆ ಯಾರಿಗೂ ನೋವಾಗದಂತೆ ಬರೆಯಿರಿ’ ಎನ್ನುತ್ತಾರೆ. ಯಾರಿಗೂ ನೋವಾಗದ ಬರಹವನ್ನು ಅಭಿನಂದನಾ ಗ್ರಂಥ ಎನ್ನುತ್ತಾರೆ. ಅದನ್ನು ಬರೆಯಲು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಇನ್ನು ಕೆಲವರಿಗೆ ವೇದಿಕೆ ಹತ್ತಿ ನಮ್ಮ ಕಡೆಯ ಉರ್ದು ಬೆರೆತ ಕನ್ನಡವನ್ನು ಅಣಕಿಸುವುದೇ ವಿಡಂಬನೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲನ ಮಾತನ್ನು ಆಡಿ ತೋರಿಸಿ ನಗಿಸುವುದಕ್ಕೆ ಧೈರ್ಯವೇನೂ ಬೇಡ. ಅವನ ಬೆನ್ನ ಮೇಲಿನ ಚೀಲಕ್ಕೆ ಬೆಲೆ ಕಟ್ಟುವವನ ಮಾತನ್ನು ಆಡಿ ತೋರಿಸಲಿ, ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಅಧಿಕಾರಿಗಳು ನನ್ನ ಮೇಲೆ ಕೋಪಿಸಿಕೊಂಡಾಗಲೆಲ್ಲ ಅವರ ತಲೆಯ ಮೇಲಿನ ಗೋಡೆಯನ್ನು ನೋಡುತ್ತೇನೆ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಕಚೇರಿ ಕಚೇರಿಯಲ್ಲೂ ಅವರ ಭಾವಚಿತ್ರ ಹಾಕಬೇಕೆಂದು ಆದೇಶಿಸಿತು. ನಮ್ಮ ಕಸುಬಿನ ಹಿರಿಯರು ಅವರು. ಕಲ್ಲ ನಾಗರಕ್ಕೆ ಹಾಲೆರೆಯುವವರು ದಿಟದ ನಾಗರ ಕಂಡರೆ ಕೊಲ್ಲು ಎನ್ನುತ್ತಾರೆ, ಉಣ್ಣಲು ಬಂದ ಜಂಗಮನನ್ನು ನಡೆ ಎಂದು ಅಟ್ಟಿ ಉಣ್ಣದ ಲಿಂಗಕ್ಕೆ ಬೋನ ಹಿಡಿಯುತ್ತಾರೆ ಎಂದು ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ರಾಜನ ಭಂಡಾರಿಯಾಗಿದ್ದುಕೊಂಡೇ ಹೇಳಿದವರು. ಪುಣ್ಯಕ್ಕೆ ಆಗ ಧಾರ್ಮಿಕ ಭಾವನೆಗೆ ಧಕ್ಕೆ ತರುವ ಅಪರಾಧಕ್ಕೆ ಕಲಂ ಇರಲಿಲ್ಲ. ದಂಡ ಸಂಹಿತೆಗೆ 295ಎ ಸೇರಿದ್ದು 1927ರಲ್ಲಿ. 2024ರ ಜುಲೈಯಿಂದ ಅದು ನ್ಯಾಯ ಸಂಹಿತೆಯ 299 ಆಗಿದೆ. ಅದೇ ಮಾತನ್ನು ನಾಗರ ಪಂಚಮಿಯ ಬೆಳಿಗ್ಗೆ ಯಾರಾದರೂ ತಮ್ಮದೇ ಮಾತೆಂಬಂತೆ ಮೊಬೈಲಿನಲ್ಲಿ ಹಂಚಿ ನೋಡಲಿ. ಸಂಜೆಯೊಳಗೆ ಠಾಣೆಯಲ್ಲಿ ಕ್ಷಮಾಪಣೆ ಬರೆದುಕೊಡುತ್ತಿರುತ್ತಾರೆ, ಅದೇ ಭಾವಚಿತ್ರದ ಕೆಳಗೆ ಕುಳಿತು.

ಕಲ್ಲ ನಾಗರ, ದಿಟದ ನಾಗರದ ಲೆಕ್ಕ ಇಂದಿಗೂ ಹಾಗೆಯೇ ನಡೆದಿದೆ ಎಂಬುದಕ್ಕೆ ಎರಡು ಮೊಸಳೆಗಳು ಸಾಕ್ಷಿ. 2015ರಲ್ಲಿ ಬೆಂಗಳೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ರಸ್ತೆಯ ದೊಡ್ಡ ಗುಂಡಿಯೊಂದರಲ್ಲಿ ಫೈಬರಿನ ಮೊಸಳೆ ಮಲಗಿಸಿದರು. ದೇಶವೇ ನೋಡಿತು, ಪಾಲಿಕೆ ಓಡಿ ಬಂದು ಗುಂಡಿ ಮುಚ್ಚಿತು. 2023ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ನಿಜವಾದ ಮೊಸಳೆಯನ್ನೇ ಹಗ್ಗದಿಂದ ಕಟ್ಟಿ ವಿದ್ಯುತ್ ಕೇಂದ್ರಕ್ಕೆ ತಂದರು. ಕರೆಂಟು ರಾತ್ರಿ ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸಲು ಹೋದಾಗ ಹೊಲದಲ್ಲಿ ಸಿಗುವುದು ಇದೇ, ಕಚ್ಚಿದರೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದರು, ಮೊಸಳೆಯನ್ನು ಒಯ್ದು ನೀರಿಗೆ ಬಿಟ್ಟರು. ಅದಕ್ಕೆ ಸಿಕ್ಕ ಪುನರ್ವಸತಿಯ ವೇಗ ಅಣೆಕಟ್ಟಿಗೆ ಮನೆ ಕಳೆದುಕೊಂಡ ಮನುಷ್ಯರಿಗೆ ಸಿಕ್ಕಿದ್ದರೆ ಎಷ್ಟೋ ಕಡತಗಳು ಮುಚ್ಚಿರುತ್ತಿದ್ದವು.

ನನ್ನ ಮಟ್ಟಿಗೆ ಈ ಕಾಲದ ಶ್ರೇಷ್ಠ ವಿಡಂಬನೆ ಆ ರೈತರದು. ಒಂದು ಅಕ್ಷರ ಬರೆಯಲಿಲ್ಲ, ಒಂದು ಮಾತನ್ನೂ ಉಬ್ಬಿಸಲಿಲ್ಲ. ಹೊಲದಲ್ಲಿದ್ದುದನ್ನು ಹೊಲದಿಂದ ಎತ್ತಿ ಕುರ್ಚಿಯ ಮುಂದೆ ಇಟ್ಟರು. ಕುರ್ಚಿಯಲ್ಲಿದ್ದವರು ಆ ಹೊತ್ತು ಕಾಲು ಮೇಲೆತ್ತಿಕೊಂಡಿರಬೇಕು. ವಿಡಂಬನೆಯ ಪ್ರಯೋಜನ ಏನು ಎಂದು ಕೇಳುವವರಿಗೆ ನಾನು ತೋರಿಸುವುದು ಆ ಕಾಲುಗಳನ್ನೇ. ಕೇಳುವವರು ಚಪ್ಪಾಳೆಗಾಗಿ ಕೈಗಳ ಕಡೆ ನೋಡುತ್ತಿರುತ್ತಾರೆ, ಅಷ್ಟೇ ತೊಂದರೆ.

ನಮ್ಮ ಕಲಬುರಗಿಯಲ್ಲಿ ಚಪ್ಪಾಳೆಗೆ ಕೊರತೆಯಿಲ್ಲ. ಮಳೆಗಾಲ ಹಿಡಿದರೆ ರಸ್ತೆಯ ಗುಂಡಿಗಳಲ್ಲಿ ಭತ್ತದ ನಾಟಿ ಮಾಡುವ ಪ್ರತಿಭಟನೆ. ತೊಗರಿಯ ಕಣಜದಲ್ಲಿ ಭತ್ತ ಯಾಕೆ ಎಂದು ಕೇಳಬೇಡಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ತೊಗರಿಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನಮ್ಮ ರಸ್ತೆಗಳ ನೀರಾವರಿ ಅದಕ್ಕೆ ಅತಿಯಾಯಿತು. ಅದಕ್ಕಾಗಿ ಕಾಲುವೆ ನೀರಿರುವ ಶಹಾಪುರ, ಸುರಪುರದ ಕಡೆಯಿಂದ ಸಸಿ ತರಿಸುವುದು ವಾಸಿ. ಮೊದಮೊದಲು ಇಂಥ ನಾಟಿ ಕಂಡರೆ ಎಂಜಿನಿಯರು ಬೇರೆ ಓಣಿ ಹಿಡಿಯುತ್ತಿದ್ದರು. ಈಗ ತಾವೇ ಬಂದು ಮನವಿಪತ್ರ ಸ್ವೀಕರಿಸಿ, ಫೋಟೊಕ್ಕೆ ನಿಂತು, ‘ಹೀಗೆಯೇ ಎಚ್ಚರಿಸುತ್ತಿರಿ’ ಎಂದು ಹರಸಿ ಹೋಗುತ್ತಾರೆ. ಇನ್ನೊಂದು ವರ್ಷ ಕಳೆದರೆ ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಅತಿಥಿ ಅವರೇ. ನೆಟ್ಟ ಸಸಿಗಳು ನಗರ ಹಸಿರೀಕರಣದ ಲೆಕ್ಕಕ್ಕೆ, ಗುಂಡಿಗಳು ಮಳೆನೀರು ಸಂಗ್ರಹದ ಲೆಕ್ಕಕ್ಕೆ. ಗುತ್ತಿಗೆದಾರರಿಗೂ ಸನ್ಮಾನ ಮಾಡಬೇಕು, ಮೂಲ ಪ್ರೇರಣೆ ಅವರದು.

ಕೊನೆಗೊಂದು ಸಣ್ಣ ಮನವಿ ಇದೆ. ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ. ಧ್ವಜ ಏರಿಸಲು ಗಣ್ಯರು ಬರುತ್ತಾರೆ. ಅವರ ಕಾರು ಹಾಯುವ ರಸ್ತೆಗೆ ಹಿಂದಿನ ರಾತ್ರಿಯೇ ಡಾಂಬರು ಬೀಳುತ್ತದೆ ಎಂಬ ಭರವಸೆ ನಮಗಿದೆ. ಯಾವ ರಸ್ತೆ ಎಂಬುದನ್ನು ಜಿಲ್ಲಾಡಳಿತ ಆಗಸ್ಟಿನಲ್ಲೇ ಪ್ರಕಟಿಸಿದರೆ ಉಪಕಾರವಾಗುತ್ತದೆ. ಅಲ್ಲಿನ ಬೆಳೆಯನ್ನು ಎತ್ತಿ ಒಳರಸ್ತೆಗಳಿಗೆ ಸಾಗಿಸಲು ಆಳುಗಳನ್ನು ಹೊಂದಿಸಬೇಕು, ಮತ್ತು ಭತ್ತ ತೆನೆ ಕಟ್ಟುವ ಹೊತ್ತಿಗೆ ಖರೀದಿ ಕೇಂದ್ರಕ್ಕೆ ಅರ್ಜಿ ಹಾಕಬೇಕು. ಪಹಣಿಯಲ್ಲಿ ಯಾರ ಹೆಸರು ಬರೆಯಬೇಕು ಎಂಬುದನ್ನೂ ಅದೇ ಪ್ರಕಟಣೆಯಲ್ಲಿ ತಿಳಿಸಲಿ.