ಹಾಡು ಕಲಿಯುವ ಮಗುವಿನ ಮುಂದೆ ಪೇಟಿ, ಅಂದರೆ ಹಾರ್ಮೋನಿಯಂ, ಬೇಕೇ?

ಪರ: ಪೇಟಿ ಇರಲಿ, ಬಾರಿಸುವ ಕೈ ಸುಧಾರಿಸಲಿ

ಎಂಟು ವರ್ಷದ ಹುಡುಗಿಗೆ "ರಿಷಭ ಸ್ವಲ್ಪ ಏರಿಸು" ಅಂದರೆ ಎಷ್ಟು ಏರಿಸಬೇಕು, ಎಲ್ಲಿಗೆ ಮುಟ್ಟಿಸಬೇಕು ಅಂತ ತಿಳಿಯದೆ ಪಿಳಿಪಿಳಿ ನೋಡುತ್ತಾಳೆ. ಸ್ವರ ಕಣ್ಣಿಗೆ ಕಾಣುವ ವಸ್ತುವಲ್ಲ. ಪೇಟಿಯ ಪಟ್ಟಿ ಒತ್ತಿ ತೋರಿಸಿದಾಗ ಮಾತ್ರ ಆ ರಿಷಭಕ್ಕೆ ಒಂದು ಮನೆ, ಒಂದು ನೆಲೆ ಸಿಗುತ್ತದೆ. ಕಣ್ಣೇ ಇಲ್ಲದಿದ್ದರೂ ನಡೆಯುತ್ತದೆ, ಬೆರಳು ಸಾಕು. ಎರಡು ಕಪ್ಪು, ಆಮೇಲೆ ಮೂರು ಕಪ್ಪು: ಈ ಗುಂಪು ತಡವಿದರೆ ಯಾವ ಪಟ್ಟಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಪುಟ್ಟರಾಜರು ನುಡಿಸುತ್ತಿದ್ದ ಹತ್ತಾರು ವಾದ್ಯಗಳಲ್ಲಿ ಹಾರ್ಮೋನಿಯಂ ಕೂಡ ಒಂದು. ಅವರಿಗೆ ಬೇಡವಾಗದ ವಾದ್ಯ ನಮ್ಮ ಮಕ್ಕಳಿಗೆ ಬೇಡವಾಯಿತೇ?

ವಿದೇಶಿ ಪೆಟ್ಟಿಗೆ ಅನ್ನುತ್ತಾರೆ. ಹೌದು, ಪ್ಯಾರಿಸ್ಸಿನ ದೆಬೇನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ. ಹಾಗಾದರೆ ಪಿಟೀಲು ಎಲ್ಲಿಂದ ಬಂತು? ಕರ್ನಾಟಕ ಸಂಗೀತದವರು ಅದನ್ನು ಎದೆಗೂ ಪಾದಕ್ಕೂ ಆನಿಸಿಕೊಂಡು ತಮ್ಮದು ಮಾಡಿಕೊಳ್ಳಲಿಲ್ಲವೇ? ಇನ್ನು ಲೋಹದ ನಾಲಿಗೆ ಗಾಳಿಗೆ ಅದುರಿ ಸ್ವರ ಕೊಡುವ ತಂತ್ರ ಯುರೋಪಿನದೂ ಅಲ್ಲ, ಅದಕ್ಕೂ ಎಷ್ಟೋ ಶತಮಾನ ಮೊದಲೇ ಚೀನಾದ ಶೆಂಗ್ ಎಂಬ ಊದುವ ವಾದ್ಯದಲ್ಲಿತ್ತು. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಅಂದರೆ 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗ ಪೇಟಿಗೆ ಒಳಗೆ ಜಾಗವೇ ಇರಲಿಲ್ಲ. ಹೊರಗೆ ಏನಾಯಿತು? ಕಂಪನಿ ನಾಟಕದ ಮುಂಭಾಗದಲ್ಲಿ ಪೇಟಿ ಮಾಸ್ತರರು ಕೂತೇ ಇದ್ದರು, ಭಜನಿ ಮಂಡಳಿಗಳು ಪೇಟಿ ಇಲ್ಲದೆ ಶ್ರಾವಣ ಕಳೆಯಲಿಲ್ಲ.

ಕೆಟ್ಟ ಹೆಸರು ಬಂದದ್ದು ಪೇಟಿಯಿಂದಲ್ಲ, ಹಾಡಿಗೆ ಅದನ್ನು ಕೂಡಿಸುವ ರೀತಿಯಿಂದ. ಮೊದಲ ತಪ್ಪು ಸಾ ಹಿಡಿಯುವಲ್ಲೇ ಆಗುತ್ತದೆ. ಕಲಿಸುವವರ ದನಿ ಕಪ್ಪು ಒಂದಾದರೆ (ಸಪ್ತಕದ ಮೊದಲ ಕಪ್ಪು ಪಟ್ಟಿಯೇ ಅವರ ಸಾ ಆದರೆ) ಹತ್ತು ಮಕ್ಕಳೂ ಕಪ್ಪು ಒಂದರಲ್ಲೇ ಹಾಡಬೇಕು! ಹಾಗಲ್ಲ. ಮಗುವಿಗೆ "ಆ" ಅನ್ನಿಸಿ, ಒಂದೊಂದೇ ಪಟ್ಟಿ ಕೆಳಗಿಳಿಸುತ್ತ ಹೋಗಿ. ದನಿ ಬರೀ ಗಾಳಿಯಾಗದೆ ಸ್ಪಷ್ಟ ಕೇಳುವ ಕಟ್ಟಕಡೆಯ ಪಟ್ಟಿ ಯಾವುದೋ ಅದನ್ನು ಗುರುತಿಟ್ಟುಕೊಳ್ಳಿ. ಕಪ್ಪು ಬಿಳಿ ಎರಡನ್ನೂ ಎಣಿಸುತ್ತ ಅಲ್ಲಿಂದ ಐದು ಪಟ್ಟಿ ಮೇಲೆ ಬಂದರೆ ಅದೇ ಆ ಮಗುವಿನ ಸಾ. ಕೆಳಗೆ ಉಳಿದದ್ದು ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ. ಈಗ ಮೇಲಕ್ಕೆ ನೋಡಿ: ತಾರ ಗಾಂಧಾರದವರೆಗೆ (ಮೇಲಿನ ಸಪ್ತಕದ ಗ) ಕಿರುಚದೆ ಹೋಗುತ್ತದೆಯೇ? ಕುತ್ತಿಗೆಯ ನರ ಉಬ್ಬಿದರೆ ಒಂದು ಪಟ್ಟಿ ಇಳಿಸಿ. ಐದು ನಿಮಿಷದ ಕೆಲಸ ಇದು.

ತಂಬೂರಿಯಲ್ಲಿ ಇದನ್ನು ಮಾಡಿ ನೋಡೋಣ. ಹದಿಮೂರು ಹದಿನಾಲ್ಕರಲ್ಲಿ ಹುಡುಗರ ದನಿ ಒಡೆದಾಗ ಕೆಲವೇ ತಿಂಗಳಲ್ಲಿ ಸಾ ಆರೇಳು ಪಟ್ಟಿ ಕೆಳಗೆ ಕುಸಿಯುತ್ತದೆ. ಕಪ್ಪು ನಾಲ್ಕಕ್ಕೆ ಹಾಕಿದ ತಂತಿಯನ್ನು ಕಪ್ಪು ಒಂದಕ್ಕೆ ಇಳಿಸಿದರೆ ಅದು ಸಡಿಲಾಗಿ ಪಟಪಟ ಅನ್ನುತ್ತದೆಯೇ ಹೊರತು ನಾದ ಕೊಡುವುದಿಲ್ಲ. ಬೇರೆ ದಪ್ಪದ ತಂತಿ ಹಾಕಬೇಕು, ಇಲ್ಲವೇ ಬೇರೆ ತಂಬೂರಿಯೇ ಬೇಕು. ಪೇಟಿಯಲ್ಲಿ? ಕೈಯನ್ನು ಒಂದಿಷ್ಟು ಎಡಕ್ಕೆ ಸರಿಸಿದರಾಯಿತು.

ಎರಡನೆಯ ತಪ್ಪು ಮಗುವಿನ ಜೊತೆಗೇ ಬಾರಿಸುತ್ತ ಹೋಗುವುದು. ಹಾಗೆ ಮಾಡಿದರೆ ಮಗು ಹಾಡುವುದಿಲ್ಲ, ಪೇಟಿಯ ಬೆನ್ನು ಹತ್ತುತ್ತದೆ. ಅರ್ಧ ಮಾತ್ರೆ ಹಿಂದೆ ಬರುವ ಮಕ್ಕಳೆಲ್ಲ ಹೀಗೆ ಕಲಿತವರೇ. ಕ್ರಮ ಇಷ್ಟೇ: ಸ್ವರ ಬಾರಿಸಿ, ಕೈ ಎತ್ತಿ, ಮಗು ಹಾಡಲಿ, ಅದು ಹಿಡಿದಿರುವಾಗಲೇ ಮತ್ತೆ ಪಟ್ಟಿ ಒತ್ತಿ ತಾಳೆ ನೋಡಿ. ಮೊದಲ ತಿಂಗಳು ಸಾ, ಪ, ಮೇಲಿನ ಸಾ, ಇಷ್ಟೇ ಸಾಕು. ಸ್ಟಾಪರು, ಅಂದರೆ ಗಾಳಿ ಬಿಡುವ ಗುಂಡಿ, ಒಂದೇ ತೆಗೆದಿರಿ. ಖರ್ಜದ (ಕೆಳಗಿನ ಸಪ್ತಕದ) ಸಾಲೂ ಸೇರಿ ಎರಡು ಸಾಲು ರೀಡು (ಲೋಹದ ನಾಲಿಗೆ) ಒಟ್ಟಿಗೆ ಕೂಗಿದರೆ ಮಗುವಿಗೆ ತನ್ನ ದನಿ ತನಗೇ ಕೇಳುವುದಿಲ್ಲ. ತಿದಿ ಮೆತ್ತಗೆ ಒತ್ತಬೇಕು, ಗಾಳಿ ಜೋರಾದರೆ ಕೆಳಗಿನ ರೀಡುಗಳ ಸ್ವರ ತುಸು ಇಳಿಯುತ್ತದೆ.

ಪೇಟಿ ಬೇಸುರು ಅಂತ ಬಯ್ಯುವವರಲ್ಲಿ ಅದರ ಮುಚ್ಚಳ ತೆಗೆದು ನೋಡಿದವರು ಎಷ್ಟು ಜನ? ಗದಗಿನ ಬೇಸಿಗೆಯ ಧೂಳು ರೀಡಿನ ನಾಲಿಗೆಯ ಕೆಳಗೆ ಕೂತರೆ ಸ್ವರ ಗುರ್ ಅನ್ನುತ್ತದೆ, ಇಲ್ಲವೇ ಪೂರ್ತಿ ಮೂಕವಾಗುತ್ತದೆ. ಅದಕ್ಕೆ ರಿಪೇರಿಯವರೇ ಬೇಕಿಲ್ಲ. ತೆಳ್ಳಗಿನ ಕಾಗದದ ಪಟ್ಟಿಯನ್ನು ನಾಲಿಗೆಯ ಕೆಳಗೆ ನಿಧಾನ ತೂರಿಸಿ ಎಳೆದರೆ ಧೂಳು ಬರುತ್ತದೆ, ಬೆರಳಿಂದ ಮಾತ್ರ ಮುಟ್ಟಬೇಡಿ. ಧಾರವಾಡದ ಕಾಯಿಲೆ ಬೇರೆ. ಆಷಾಢದ ಜಿಟಿಜಿಟಿಗೆ ಕಟ್ಟಿಗೆ ಊದಿ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ಒತ್ತಿದ್ದು ಮೇಲೇಳುವುದಿಲ್ಲ. ನೆಲದ ಮೇಲಿಡದೆ ಮಣೆಯ ಮೇಲಿಟ್ಟು, ದಿನಾ ಹತ್ತು ನಿಮಿಷ ಬಾರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧ ಸ್ವರ ಹದಗೊಳಿಸುವ ಕೆಲಸ. ರೀಡಿನ ನಾಲಿಗೆಯ ತುದಿ ಕೆರೆದರೆ ಅಲ್ಲಿ ತೂಕ ಕಡಿಮೆಯಾಗಿ ಸ್ವರ ಏರುತ್ತದೆ, ರಿವೆಟ್ಟಿನ ಹತ್ತಿರ ಬುಡ ಕೆರೆದರೆ ಬಿಗಿ ತಗ್ಗಿ ಇಳಿಯುತ್ತದೆ. ಒಂದೆರಡು ಗೀರು ಎಳೆದು, ನಾಲಿಗೆ ತಣ್ಣಗಾಗಲು ಬಿಟ್ಟು, ಆಮೇಲೆ ಕೇಳಬೇಕು. ಅವಸರಕ್ಕೆ ಹತ್ತು ಗೀರು ಎಳೆದರೆ ಹಿತ್ತಾಳೆ ಸೋತು ರೀಡು ಒಂದು ದಿನ ಪಟ್ಟನೆ ಮುರಿಯುತ್ತದೆ. ವರ್ಷಕ್ಕೊಮ್ಮೆಯೂ ಈ ಸೇವೆ ಕಾಣದ ಪೇಟಿಯನ್ನು ಮುಂದಿಟ್ಟುಕೊಂಡು ಹಾರ್ಮೋನಿಯಂ ಜಾತಿಗೇ ಶ್ರುತಿ ಇಲ್ಲ ಅನ್ನುವುದು ಯಾವ ನ್ಯಾಯ?

ಇನ್ನು, ಪೇಟಿಯ ಸ್ವರ ಶುದ್ಧ ಸ್ವರದಿಂದ ಇಷ್ಟಿಷ್ಟು ಸೆಂಟು (ಸ್ವರದ ಅಂತರ ಅಳೆಯುವ ಸಣ್ಣ ಮಾನ) ತಪ್ಪಿದೆ ಎನ್ನುವ ಶ್ರುತಿವಾದಿಗಳ ಲೆಕ್ಕ. ಸಾ ಮತ್ತು ಪ ಹಿಡಿದು ನಿಲ್ಲಲು ಬಾರದ ಮಗುವಿನ ಮುಂದೆ ಸೂಕ್ಷ್ಮದರ್ಶಕ ಹಿಡಿದು ಗಾಂಧಾರ ಅಳೆಯುವವರಿಗೆ ಏನು ಹೇಳೋಣ? ಬೇಕಾದರೆ ಗಾಂಧಾರ ಟ್ಯೂನಿಂಗ್ ಮಾಡಿಸಿಕೊಳ್ಳಿ, ಒಂದೇ ಸಾಗೆ ಹೊಂದಿಸಿ ರೀಡು ತಿದ್ದಿಕೊಡುವವರಿದ್ದಾರೆ.

ವಿರೋಧ: ತಂಬೂರಿ ಮೊದಲು

ಪಲ್ಟಾ (ಸ್ವರಾಭ್ಯಾಸದ ಸಾಲು) ಹೇಳಿಕೊಡಲು ಪೇಟಿಯಷ್ಟು ಅನುಕೂಲದ ವಾದ್ಯ ಇನ್ನೊಂದಿಲ್ಲ. ಅದನ್ನು ಒಪ್ಪಿಕೊಂಡೇ ವಿರೋಧದ ಬದಿ ಬರೆಯುತ್ತಿದ್ದೇನೆ, ಯಾರಾದರೂ ಬರೆಯಬೇಕಲ್ಲ.

ಮೊದಲು ಲೆಕ್ಕ. ಸುಲಭವಾಗಲೆಂದು ಸಾ 240 ಹರ್ಟ್ಸ್ ಎಂದುಕೊಳ್ಳೋಣ. ತಂಬೂರಿಯ ನಾದದೊಂದಿಗೆ ಬೆರೆಯುವ ಶುದ್ಧ ಗಾಂಧಾರ 300. ಪೇಟಿ ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡಿರುವುದರಿಂದ ಅದರ ಗಾಂಧಾರ 302.4. ಶುದ್ಧ ಧೈವತ 400 ಇರಬೇಕಾದಲ್ಲಿ 403.6, ನಿಷಾದ 450 ಇರಬೇಕಾದಲ್ಲಿ 453. ಕೋಮಲ ಗಾಂಧಾರ ತಿರುವುಮುರುವು: 288 ಬೇಕು, 285.4 ಸಿಗುತ್ತದೆ. ಪಂಚಮ ಮಾತ್ರ 360ಕ್ಕೆ ಬದಲು 359.6, ಅದನ್ನು ದೂರುವಂತಿಲ್ಲ. ಸಾ-ಪ ಹಿಡಿಯುವವರೆಗೆ ಪೇಟಿಯಿಂದ ತೊಂದರೆ ಕಾಣದಿರುವುದು ಇದೇ ಕಾರಣಕ್ಕೆ. ಗಾಂಧಾರ ಬಂದ ದಿನ ತೊಡಕು ಶುರು.

ಗಾಂಧಾರ ಟ್ಯೂನಿಂಗ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಕಪ್ಪು ಒಂದನ್ನು ಸಾ ಮಾಡಿ ರೀಡು ಕೆರೆಸಿದ ಪೇಟಿಯಲ್ಲಿ ಸಾ ಬದಲಿಸಿದ ತಕ್ಷಣ ಹಲವು ಸ್ವರಗಳು ಇನ್ನಷ್ಟು ಕೆಡುತ್ತವೆ. ಕೈ ಸರಿಸಿದರಾಯಿತು ಎಂಬ ಸೌಕರ್ಯ ಅಲ್ಲಿಗೆ ಮುಗಿಯಿತು, ಒಂದು ಕಟ್ಟಿದರೆ ಇನ್ನೊಂದು ಬಿಚ್ಚುತ್ತದೆ. ಇದು ಹಳೆಯ ಚಿಂತೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನರೇ ಸಂಗೀತ ಸಂಶೋಧಕರಾದ ದೇವಲ್ ಮತ್ತು ಕ್ಲೆಮೆಂಟ್ಸ್ ಅವರ ಶ್ರುತಿ ಹಾರ್ಮೋನಿಯಂ (ಸೂಕ್ಷ್ಮ ಶ್ರುತಿಗಳನ್ನೂ ನುಡಿಸುವ ಪೇಟಿ) ಪ್ರಯತ್ನಕ್ಕೆ ಹಾಡಿ ತೋರಿಸಿ ನೆರವಾಗಿದ್ದರು. ಅಂಥ ಪೇಟಿ ಮನೆಮನೆಗೆ ಬರಲಿಲ್ಲ.

ಬೇರೆ ದೇಶದವರಿಗೂ ಇದೇ ತಲೆನೋವು. ಅರಬ್ ಸಂಗೀತದ ರಾಸ್ತ್ ಎಂಬ ಮಖಾಮಿನ (ನಮ್ಮ ರಾಗದಂಥದ್ದು) ಮೂರನೆಯ ಸ್ವರ ನಮ್ಮ ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ಸುಮಾರು ನಡುವೆ ನಿಲ್ಲುತ್ತದೆ, ಪಿಯಾನೋದಲ್ಲಿ ಅದಕ್ಕೆ ಪಟ್ಟಿಯೇ ಇಲ್ಲ. 1932ರ ಕೈರೋ ಸಮ್ಮೇಳನದಲ್ಲಿ ಪಿಯಾನೋ ಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯೇ ಆಯಿತು. ಜಾವಾದ ಗಾಮೆಲಾನ್ ಮೇಳದಲ್ಲಂತೂ ಒಂದೊಂದು ಮೇಳಕ್ಕೂ ಅದರದೇ ಶ್ರುತಿ, ಒಂದು ಮೇಳದ ಗಂಟೆ ತಂದು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಹನ್ನೆರಡು ಪಟ್ಟಿಯೊಳಗೆ ಲೋಕದ ಸ್ವರವೆಲ್ಲ ಅಡಗಿದೆ ಎಂದು ನಂಬಿದ ಮಗುವಿಗೆ ಇವೆಲ್ಲ ಬೇಸುರಾಗಿಯೇ ಕೇಳುತ್ತವೆ. ದೂರ ಯಾಕೆ, ದರ್ಬಾರಿ ರಾಗದ ಕೋಮಲ ಗಾಂಧಾರ ತೂಗಬೇಕು. ಪೇಟಿಯಲ್ಲಿ ಒತ್ತಿದರೆ ಅದು ಗೂಟದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಹೇಗೂ ಬರುವುದಿಲ್ಲ. ಪೇಟಿಯಲ್ಲೇ ಕಲಿತ ಮಕ್ಕಳು ನಿ-ರೇ-ಗ ಹೇಳುವಾಗ ಮೆಟ್ಟಿಲು ಹತ್ತಿದಂತೆ ಕೇಳುವುದನ್ನು ಯಾವ ಪರೀಕ್ಷಕರಾದರೂ ಹೇಳುತ್ತಾರೆ.

ಸ್ವರಕ್ಕೆ ಮನೆ ಬೇಕು, ಬೆರಳಿಟ್ಟು ತೋರಿಸಬೇಕು ಎಂಬ ಮಾತಿಗೆ ಒಂದೇ ಪ್ರಶ್ನೆ: ಮಗು ತಾಯಿಯ ಮಾತಿನ ಏರಿಳಿತ ಕಲಿತದ್ದು ಯಾವ ಪಟ್ಟಿ ಒತ್ತಿ?

ತಂಬೂರಿ ದುಬಾರಿ, ನಿಜ. ಮಿರಜದಿಂದ ತರಿಸಿದರೂ ಶ್ರುತಿ ಕೂಡಿಸಲು ಬರಬೇಕು. ನಡುವಿನ ಜೋಡಿ ತಂತಿ ಮೊದಲು ಸಾಗೆ, ಆಮೇಲೆ ಖರ್ಜ, ಕೊನೆಗೆ ಪಂಚಮ, ಮಾಲಕೌಂಸದಂಥ ಪಂಚಮವಿಲ್ಲದ ರಾಗಕ್ಕೆ ಮಧ್ಯಮ. ಬಿರಡೆ ತಿರುವಿ ಹತ್ತಿರ ತಂದು, ಉಳಿದ ಕೂದಲೆಳೆಯಷ್ಟನ್ನು ಮಣಿಯಿಂದ ತುಂಬಬೇಕು, ಮಣಿ ಕೆಳಕ್ಕೆ ಸರಿದರೆ ಸ್ವರ ಏರುತ್ತದೆ. ಕುದುರೆಯ (ತಂತಿ ಆನುವ ಸೇತುವೆ) ಮೇಲಿನ ನೂಲು ಒಂದು ಎಳೆಯಷ್ಟು ಜಾಗ ತಪ್ಪಿದರೆ ತಂತಿ ಜವಾರಿ ಎಂಬ ಝೇಂಕಾರ ಕಳೆದುಕೊಂಡು ಬರೀ ಟಣ್ ಅನ್ನುತ್ತದೆ. ಇಷ್ಟು ತಾಪತ್ರಯ ಬೇಡವೆನ್ನುವವರಿಗೆ ಮೊಬೈಲಿನ ತಂಬೂರಿ ಇದೆ, ಪೇಟಿಯ ಗಾಂಧಾರಕ್ಕಿಂತ ಅದರ ಸಾ-ಪ ವಾಸಿ. ದನಿ ಒಡೆದ ಹುಡುಗನಿಗೂ ಅದು ಸಾಕು.

ಅನುಮಾನವಿದ್ದವರು ಹೀಗೆ ಮಾಡಿ ನೋಡಿ. ಕೋಣೆಯ ಫ್ಯಾನು ಆರಿಸಿ. ಕೂಡಿಸಿದ ತಂಬೂರಿಯ ಖರ್ಜದ ತಂತಿಯೊಂದನ್ನೇ ಮೆಲ್ಲಗೆ ಮೀಟಿ, ಮಗುವನ್ನು ಬುರುಡೆಯ ಹತ್ತಿರ ಕೂಡಿಸಿ. ಸಾ ಮೊಳಗಿ ತುಸು ತಗ್ಗಿದ ಮೇಲೆ ಅದರೊಳಗಿಂದ ತಾರ ಸಪ್ತಕದ ಗಾಂಧಾರ ತೇಲಿ ಬರುತ್ತದೆ. ಮೊದಲ ದಿನ ಕೇಳದಿದ್ದರೆ ನಾಲ್ಕನೆಯ ದಿನ ಕೇಳುತ್ತದೆ. ಅದಕ್ಕೆ ಹೊಂದಿಕೊಂಡು ಮಗು ಮಧ್ಯ ಗಾಂಧಾರ ಹಾಡಲಿ, ನೀವು ಸುಮ್ಮನಿರಿ. ಖರ್ಜ ಇನ್ನೂ ಮೊಳಗುತ್ತಿರುವಾಗಲೇ ಪೇಟಿಯ ಗಾಂಧಾರ ಒತ್ತಿ. ಮೇಲಿನ ಲೆಕ್ಕದ 2.4ರ ವ್ಯತ್ಯಾಸ ತಾರ ಸಪ್ತಕದಲ್ಲಿ ಇಮ್ಮಡಿಯಾಗಿ ಸೆಕೆಂಡಿಗೆ ಐದರ ಆಸುಪಾಸು ಅಲೆ ಏಳುತ್ತದೆ, ದನಿ ನಡುಗಿದ ಹಾಗೆ ಕೇಳುತ್ತದೆ. ಏನಾಯಿತು ಎಂದು ಮಗುವನ್ನೇ ಕೇಳಿ.