ದಿನಕ್ಕೆ ಆರು ಆಟ, ಒಂದೇ ಗಡ್ಡ

ಗಂಡಸು ಗಡ್ಡ ಬೋಳಿಸಿಕೊಳ್ಳುವಾಗ ಮಾಡುವ ಮುಖವನ್ನು ಮತ್ತೆಲ್ಲೂ ಮಾಡುವುದಿಲ್ಲ. ಮೇಲ್ದುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಎಳೆದುಕೊಂಡು, ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬ್ಲೇಡಿಗೂ ಹುಬ್ಬಿಗೂ ಏನೋ ಸಂಬಂಧವಿದೆ ಎನ್ನುವಂತೆ ಹುಬ್ಬನ್ನು ಹಣೆಗೇರಿಸುತ್ತಾನೆ. ಮನೆಯವರು ಇದನ್ನು ನೋಡುವುದಿಲ್ಲ. ನೋಡಿದರೂ ನಗುವುದಿಲ್ಲ, ಅಭ್ಯಾಸವಾಗಿರುತ್ತದೆ. ಆದರೆ ಇದೇ ಮುಖವನ್ನು ರಂಗದ ಮೇಲೆ ತಂದು ಅನ್ನ ಸಂಪಾದಿಸಿದವನೊಬ್ಬನಿದ್ದ: ಹ್ಯಾರಿ ಸೀಕಂ. 1921ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಹುಟ್ಟಿದ ಈತ ಮೊದಲು ಗುಮಾಸ್ತ, ಯುದ್ಧ ಬಂದಾಗ ಫಿರಂಗಿ ದಳದ ಸೈನಿಕ. ಮುಂದೆ ಹಾಸ್ಯಗಾರ, ಗಾಯಕ, ನಟ, ಟೀವಿ ನಿರೂಪಕ ಎಲ್ಲವೂ ಆದ. ಆರಂಭ ಮಾತ್ರ ಸೋಪಿನಿಂದ.

1946ರಲ್ಲಿ ಲಂಡನ್ನಿನ ವಿಂಡ್‌ಮಿಲ್ ಥಿಯೇಟರಿನಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಆರು ಆಟ. ಜನ ಅಲ್ಲಿಗೆ ಹಾಸ್ಯ ನೋಡಲು ಬರುತ್ತಿರಲಿಲ್ಲ. ಮೈಮೇಲೆ ಬಟ್ಟೆಯಿಲ್ಲದ ಹೆಣ್ಣುಮಕ್ಕಳು ಗೊಂಬೆಗಳಂತೆ ನಿಂತಿರುವ ದೃಶ್ಯಗಳಿಗಾಗಿ ಬರುತ್ತಿದ್ದರು. ಕದಲದಿದ್ದರೆ ಕಲೆ, ಕದಲಿದರೆ ಅಶ್ಲೀಲ, ಇದು ಅಂದಿನ ಸರ್ಕಾರಿ ನಿಯಮ. ಎರಡು ದೃಶ್ಯಗಳ ನಡುವಿನ ಬಿಡುವಿನಲ್ಲಿ ಹಾಸ್ಯಗಾರ ಬರಬೇಕು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ಎದ್ದರೆ ಸಾಕು, ಆ ಜಾಗ ಹಿಡಿಯಲು ಹಿಂದಿನವರು ಕುರ್ಚಿಗಳನ್ನು ಹಾರಿಕೊಂಡು ಬರುವರು. ಇಂಥ ಸಭೆಗೆ ಮಾತಿನ ಚಟಾಕಿ ಹಾರಿಸಿ ಏನು ಪ್ರಯೋಜನ? ಕೇಳಿಸಿಕೊಳ್ಳಲು ಒಪ್ಪದವರ ಕಣ್ಣಿಗೇ ಕೈ ಹಾಕಬೇಕು. ಸೀಕಂ ಬ್ರಷ್ಷು, ಸೋಪು, ನೀರಿನ ಬಟ್ಟಲು ಹಿಡಿದು ಬಂದು, ಯಾರ್ಯಾರು ಹೇಗೆ ಹೇಗೆ ಗಡ್ಡ ಬೋಳಿಸುತ್ತಾರೆ ಎಂದು ಮಾಡಿ ತೋರಿಸಿದ.

ಇದು ಕೇಳಿದಷ್ಟು ಸುಲಭವಲ್ಲ. ಒಳ್ಳೆಯ ನೊರೆಗೆ ಬ್ರಷ್ಷನ್ನು ಬಿಸಿನೀರಲ್ಲಿ ನೆನೆಸಿ, ಒಮ್ಮೆ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ಆಮೇಲೆ ಮುಖದ ಮೇಲೆ ಉಜ್ಜುತ್ತ ಹನಿಹನಿಯಾಗಿ ನೀರು ಸೇರಿಸಬೇಕು. ನೀರು ಹೆಚ್ಚಾದರೆ ದೊಡ್ಡ ಗುಳ್ಳೆಗಳೆದ್ದು ನೊರೆ ಕತ್ತಿನಿಂದ ಕಾಲರಿಗಿಳಿಯುತ್ತದೆ. ಕಡಿಮೆಯಾದರೆ ಕೆನ್ನೆಯ ಮೇಲೆ ಸುಣ್ಣ ಬಳಿದಂತೆ ಒಣಗಿ ಬಿರುಕು ಬಿಡುತ್ತದೆ. ರಂಗದ ದೀಪಗಳ ಕಾವಿಗೆ ಇನ್ನೂ ಬೇಗ. ಹಿಂದಿನ ಸಾಲಿಗೆ ಕಾಣಬೇಕೆಂದರೆ ಮನೆಯಲ್ಲಿ ಹಚ್ಚುವುದರ ಎರಡರಷ್ಟು ಹಚ್ಚಬೇಕು. ಇಷ್ಟು ಹಚ್ಚಿದ ಮೇಲೆ ಬಾಯಿ, ಗಲ್ಲ ಎಲ್ಲ ಮುಚ್ಚಿಹೋಗಿ ನಟನಿಗೆ ಉಳಿಯುವುದು ಎರಡು ಕಣ್ಣು, ಎರಡು ಕೈ. ಒಂದೇ ಒಂದು ಕೂದಲೂ ಬಾರದ ಹುಡುಗ ಅಪ್ಪನ ರೇಜರು ಕದ್ದು ಬೋಳಿಸುವಾಗ ನೊರೆ ಕಣ್ಣಿನವರೆಗೂ ಹೋಗುತ್ತದೆ, ಕೈ ಮಾತ್ರ ಗಂಭೀರ. ತಣ್ಣೀರಲ್ಲಿ ಬೋಳಿಸುವ ಸೈನಿಕನದು ಅವಸರ, ಪ್ರತಿ ಎಳೆತಕ್ಕೂ ಉಸಿರು ಸಿಕ್ಕಿಕೊಳ್ಳುತ್ತದೆ. ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಾದವನು ಬೋಳಿಸಿದ ಜಾಗವನ್ನೇ ಮತ್ತೆ ಮತ್ತೆ ಬೋಳಿಸುತ್ತಾನೆ. ದಿನಕ್ಕೆ ಆರು ಸಲವೂ ನಿಜವಾದ ಬ್ಲೇಡನ್ನೇ ಎಳೆದರೆ ಬುಧವಾರದ ಹೊತ್ತಿಗೆ ಕೆನ್ನೆಯ ತೊಗಲು ಎದ್ದು ಹೋಗುತ್ತದೆ. ಇಂಥ ಆಟದಲ್ಲಿ ಕೈಗೆ ಸದ್ದಿಲ್ಲದೆ ಸುಳ್ಳು ಹೇಳಲು ಬರಬೇಕು.

ಕೊನೆಗೊಂದು ಹಾಡು. ಹಾಲಿವುಡ್ಡಿನ ಗಾಯಕ ಜೋಡಿ ಜೆನೆಟ್ ಮೆಕ್‌ಡೊನಾಲ್ಡ್ ಮತ್ತು ನೆಲ್ಸನ್ ಎಡ್ಡಿಯರ ಯುಗಳಗೀತೆಯನ್ನು ಸೀಕಂ ಒಬ್ಬನೇ ಎರಡೂ ದನಿಯಲ್ಲಿ ಹಾಡುತ್ತಿದ್ದ. ಗಂಡಿನ ಸಾಲಿಗೆ ಎದೆಯ ದನಿ, ಹೆಣ್ಣಿನ ಸಾಲಿಗೆ ಕಳ್ಳದನಿ. ಒಂದರಿಂದ ಇನ್ನೊಂದಕ್ಕೆ ಜಿಗಿಯುವಲ್ಲಿ ಗಂಟಲು ಬಿಗಿದರೆ ದನಿ ಒಡೆಯುತ್ತದೆ. ಗಲ್ಲ ಮೇಲೆತ್ತಿಕೊಂಡೇ ಐದಾರು ನಿಮಿಷ ಕಳೆದವನ ಗಂಟಲಂತೂ ಬಿಗಿದೇ ಇರುತ್ತದೆ. ಟವೆಲಿನಲ್ಲಿ ಮುಖ ಒರೆಸಿಕೊಳ್ಳುವ ಆ ನಾಲ್ಕು ಕ್ಷಣದಲ್ಲೇ ದವಡೆ ಸಡಿಲಿಸಿ, ಉಸಿರನ್ನು ಹೊಟ್ಟೆಗಿಳಿಸಿಕೊಳ್ಳಬೇಕು. ಸಭೆಗೆ ಅದು ಬರೀ ಒರೆಸಿಕೊಳ್ಳುವುದು.

ಎಲ್ಲ ಊರಿಗೂ ಇದು ಹಿಡಿಸಲಿಲ್ಲ. ಬೋಲ್ಟನ್ನಿನ ಥಿಯೇಟರಿನ ಮ್ಯಾನೇಜರು, ನನ್ನ ಸಂಬಳದ ಹೊತ್ತಿನಲ್ಲಿ ನೀನು ಗಡ್ಡ ಬೋಳಿಸಬೇಡ ಎಂದು ಹಣ ಕೊಟ್ಟು ಕಳಿಸಿಬಿಟ್ಟನೆಂಬ ಕತೆ ಹಾಸ್ಯಗಾರರ ವಲಯದಲ್ಲಿ ಇಂದಿಗೂ ಓಡಾಡುತ್ತದೆ. ಆ ಮ್ಯಾನೇಜರಿಗೂ ಅರಿಯದೇ ಒಂದು ಒಳ್ಳೆಯ ಹಾಸ್ಯ ಬಾಯಿಂದ ಬಿದ್ದಿತ್ತು.

1951ರಲ್ಲಿ ಬಿಬಿಸಿ ರೇಡಿಯೋದಲ್ಲಿ ಗೂನ್ ಶೋ ಎಂಬ ಹಾಸ್ಯ ಕಾರ್ಯಕ್ರಮ ಶುರುವಾದಾಗ ನೊರೆಗೆ ಕೆಲಸವಿಲ್ಲದಾಯಿತು. ಬರೆಯುವವನು ಸ್ಪೈಕ್ ಮಿಲಿಗನ್, ನಮ್ಮ ಅಹಮದ್‌ನಗರದಲ್ಲಿ 1918ರಲ್ಲಿ ಹುಟ್ಟಿದವನು. ಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿದ್ದಾಗ ಮಿಲಿಗನ್ನನ ದಳದ ಫಿರಂಗಿಯೊಂದು ಹಿಮ್ಮೆಟ್ಟಿ ಬಂಡೆಯಿಂದ ಕೆಳಕ್ಕುರುಳಿತಂತೆ. ಮಿಲಿಗನ್ ಕೆಳಗೆ ಸೀಕಂ ಇದ್ದ ಲಾರಿಯ ಬಳಿ ಬಂದು, ಇಲ್ಲಿ ಯಾರಾದರೂ ಫಿರಂಗಿ ನೋಡಿದಿರಾ ಎಂದು ವಿಚಾರಿಸಿದನಂತೆ. ಯಾವ ಬಣ್ಣದ್ದು ಎಂದು ಕೇಳಿದ್ದು ಸೀಕಂ. ಈ ಒಂದು ಪ್ರಶ್ನೋತ್ತರದಲ್ಲೇ ಗೂನ್ ಶೋ ಪೂರ್ತಿ ಇದೆ. ಪೀಟರ್ ಸೆಲ್ಲರ್ಸ್ ಮತ್ತು ಮಿಲಿಗನ್ ಹತ್ತಾರು ದನಿಗಳನ್ನು ಬದಲಾಯಿಸುತ್ತಿದ್ದರೆ, ಸೀಕಂ ಹೆಚ್ಚಾಗಿ ಒಂದೇ ಪಾತ್ರ: ಯಾರು ಏನು ಹೇಳಿದರೂ ನಂಬುವ ನೆಡ್ಡಿ ಸೀಗೂನ್. ನಡುವೆ ತುಟಿಗಳ ಮಧ್ಯೆ ನಾಲಗೆ ಚಾಚಿ ಪುರ್ರೆನ್ನಿಸುವುದು, ಕೀರಲು ನಗು. ಈ ಪುರ್ರಿಗೂ ಬೇಕಾದದ್ದು ಹಾಡಿಗೆ ಬೇಕಾದದ್ದೇ, ತಡೆಯಿಲ್ಲದೆ ಹರಿಯುವ ಉಸಿರು. ಉಸಿರು ಕಮ್ಮಿಯಾದರೆ ಬರೀ ಉಗುಳು ಹಾರುತ್ತದೆ. 1960ರ ಜನವರಿಯಲ್ಲಿ ಶೋ ಮುಗಿಯಿತು.

ಸೀಕಂ ನಿಜಕ್ಕೂ ಸಂಗೀತ ಕಲಿತ ಟೆನರ್, ಅಂದರೆ ಏರುದನಿಯ ಗಾಯಕ. ಕಷ್ಟ ಇದ್ದದ್ದು ಗಂಟಲಲ್ಲಲ್ಲ, ಜನರ ನಿರೀಕ್ಷೆಯಲ್ಲಿ: ಬಾಯಿ ತೆರೆದರೆ ನಗು ಬರುತ್ತದೆಂದು ಕಾದು ಕೂತವರಿಗೆ ಹಾಡು ಕೇಳಿಸುವುದು ಹೇಗೆ? 1963ರ ‘ಪಿಕ್‌ವಿಕ್’ ಸಂಗೀತ ನಾಟಕ ಇದಕ್ಕೆ ದಾರಿ ಮಾಡಿಕೊಟ್ಟಿತು. ದಪ್ಪ ಮೈಯ, ಮುಗ್ಧ ಮನಸ್ಸಿನ ಆ ಪಾತ್ರ ನಗಿಸುತ್ತಲೇ ಹಾಡಬಹುದಿತ್ತು. ಚಾರ್ಲಿ ಚಾಪ್ಲಿನ್ ಬರೆದ ಒಂದು ಪ್ರೇಮಗೀತೆಯನ್ನು 1967ರಲ್ಲಿ ಗಾಯಕಿ ಪೆಟುಲಾ ಕ್ಲಾರ್ಕ್ ಹಾಡಿ ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿಸಿದಳು. ಅದೇ ಹಾಡು ಸೀಕಂ ದನಿಯಲ್ಲಿ ಎರಡನೆಯ ಸ್ಥಾನ ಮುಟ್ಟಿತು. ಅದರ ಹಳೇಕಾಲದ ಸಾಲುಗಳಿಗೆ ಧ್ವನಿಮುದ್ರಣದಲ್ಲಿ ನಗು ತಡೆಯಲಾಗದೆ ಹಲವು ಸಲ ಹಾಡಬೇಕಾಯಿತೆಂದು ಹೇಳುತ್ತಾರೆ. ನಂಬಬಹುದಾದ ಮಾತು. ಮರುವರ್ಷ ‘ಆಲಿವರ್!’ ಚಿತ್ರದಲ್ಲಿ ಬಡವರನ್ನೂ ಅನಾಥರನ್ನೂ ಇಡುವ ದುಡಿಮೆಮನೆಯ ಅಧಿಕಾರಿ ಬಂಬಲ್ ಆದ.

1980ರ ಸುಮಾರಿಗೆ ಕಾಯಿಲೆ ಹಿಡಿಯಿತು, ಸಕ್ಕರೆ ಕಾಯಿಲೆಯೂ ಪತ್ತೆಯಾಯಿತು. ವೈದ್ಯರ ಮಾತು ಕೇಳಿ ಸುಮಾರು 120 ಕಿಲೋ ಇದ್ದ ತೂಕವನ್ನು 90ರ ಆಸುಪಾಸಿಗೆ ಇಳಿಸಿದ. ದಪ್ಪ ಮೈಯನ್ನೇ ನಂಬಿ ಬದುಕಿದ ಹಾಸ್ಯಗಾರನಿಗೆ ಇದು ಅಂಗಡಿಯ ಅರ್ಧ ಸರಕು ಹೊರಗೆ ಹಾಕಿದ ಹಾಗೆ. 1981ರಲ್ಲಿ ಸರ್ ಪದವಿ ಬಂತು. 1983ರಿಂದ ಹತ್ತು ವರ್ಷ ಐಟಿವಿ ವಾಹಿನಿಯಲ್ಲಿ ಭಾನುವಾರದ ‘ಹೈವೇ’ ಕಾರ್ಯಕ್ರಮ ನಡೆಸಿದ: ಊರೂರು ಸುತ್ತಿ ಭಕ್ತಿಗೀತೆ ಹಾಡುವುದು, ಅಲ್ಲಿನವರನ್ನು ಮಾತಾಡಿಸುವುದು. ನಿರೂಪಕನಿಗೆ ಬೇಕಾದ ಗುಣ ಹಾಸ್ಯಗಾರನಿಗೆ ತೀರಾ ಕಷ್ಟ. ದುಃಖ ಹೇಳಿಕೊಳ್ಳುವವರು ತಡವರಿಸಿ ನಿಂತಾಗ ಆ ಮೌನಕ್ಕೆ ಚಟಾಕಿ ತುಂಬದೆ ಕಾಯುವುದು. ನೆಡ್ಡಿ ಸೀಗೂನ್‌ಗೆ ಹೇಳಿದ್ದನ್ನೆಲ್ಲ ನಂಬಿ ಕೇಳಿಸಿಕೊಂಡು ಅಭ್ಯಾಸವಿತ್ತಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂದಿರಬೇಕು.

2001ರ ಏಪ್ರಿಲ್‌ನಲ್ಲಿ ಸೀಕಂ ತೀರಿಕೊಂಡ. ನನಗಿಂತ ಮೊದಲೇ ಹೋದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನ್ನ ಅಂತ್ಯಕ್ರಿಯೆಯಲ್ಲಿ ಬಂದು ಹಾಡುತ್ತಿದ್ದ ಎಂದ ಮಿಲಿಗನ್. ಮರುವರ್ಷ ಮಿಲಿಗನ್ನನೂ ಹೋದ. ಅವನ ಸ್ಮರಣೆಯ ಸಭೆಯಲ್ಲಿ ಗೆಳೆಯರು ಸೀಕಂ ಹಾಡಿದ ಧ್ವನಿಮುದ್ರಿಕೆಯನ್ನೇ ಹಾಕಿದರು.