ಮಡಿ ಉಟ್ಟ ಮಿಯಾಟಾ

ಕಾರಿಗೆ ಹೊಸ ಸಾಮಾನು ಹಾಕಿಸಿ ದುಡ್ಡು ಕಳೆದುಕೊಂಡವರು ಊರಿಗೆ ಹತ್ತು ಜನ ಸಿಗುತ್ತಾರೆ. ಗಟ್ಟಿಮುಟ್ಟಾದ ಹೊಸ ಸಾಮಾನು ಕಿತ್ತು, ಗುಜರಿಯಿಂದ ಹಳೇದನ್ನು ದುಡ್ಡು ಕೊಟ್ಟು ತಂದು ಹಾಕಿದ ಕನ್ನಡಿಗ ಮಾತ್ರ ಇಡೀ ಮಿಶಿಗನ್ನಿಗೆ ನಾನೊಬ್ಬನೇ ಇರಬೇಕು.

ಕಾರು 1999ರ ಮಾಜ್ದಾ ಮಿಯಾಟಾ. 1989ರಲ್ಲಿ ಷಿಕಾಗೋ ಆಟೋ ಶೋದಲ್ಲಿ ಹುಟ್ಟಿದ ಈ ವಂಶ 2016ರಲ್ಲಿ ಹತ್ತು ಲಕ್ಷ ದಾಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಸಂತಾನ ಬೇರೆ ಯಾವುದಕ್ಕೂ ಇಲ್ಲ. 1.8 ಲೀಟರ್ ಎಂಜಿನ್, 140 ಕುದುರೆ, ತೆಗೆದು ಮಡಚುವ ಮೇಲ್ಚಾವಣಿ. ಮನೆಗೆ ತಂದ ದಿನ ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ರೀ, ಇದರಲ್ಲಿ ಸೋನಾ ಮಸೂರಿ ಚೀಲ ಎಲ್ಲಿಡ್ತೀರಿ?" ಅಂದಳು. "ನಿನ್ನ ಸೀಟಲ್ಲಿ" ಅಂದುಬಿಟ್ಟೆ. ಆ ವಾರ ಅಡುಗೆ ನನ್ನದೇ.

ಕಾರು ತಂದಿದ್ದು ಆಟೋಕ್ರಾಸಿಗೆ. ಭಾನುವಾರ ಖಾಲಿ ಬಿದ್ದಿರುವ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ನಿಲ್ಲಿಸಿ ದಾರಿ ಮಾಡಿರುತ್ತಾರೆ. ಒಂದೊಂದೇ ಕಾರು ಓಡಬೇಕು, ಗಡಿಯಾರದ ಜೊತೆ ಪೈಪೋಟಿ. ಕೋನು ಬೀಳಿಸಿದರೆ ಒಂದಕ್ಕೆ ಎರಡು ಸೆಕೆಂಡು ದಂಡ. 1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದಕ್ಕೊಂದು ನಿಯಮದ ಪುಸ್ತಕ ಇಟ್ಟಿದೆ. ಗಾತ್ರದಲ್ಲಿ ಪಂಚಾಂಗಕ್ಕಿಂತ ದಪ್ಪ, ಅರ್ಥವಾಗುವುದರಲ್ಲಿ ಪಂಚಾಂಗಕ್ಕಿಂತ ಕಷ್ಟ. ಹೊಸಬರು ಸಾಮಾನ್ಯವಾಗಿ ಸೇರುವುದು 'ಸ್ಟ್ರೀಟ್' ವರ್ಗಕ್ಕೆ, ಅಂದರೆ ಕಾರ್ಖಾನೆಯಿಂದ ಹೇಗೆ ಬಂತೋ ಹೆಚ್ಚೂಕಡಿಮೆ ಹಾಗೇ ಇರುವ ಕಾರುಗಳ ವರ್ಗ. ಅದರ ಮೂಲಮಂತ್ರ ಒಂದೇ: ಮಾಡಬಹುದು ಅಂತ ಪುಸ್ತಕದಲ್ಲಿ ಬರೆದಿಲ್ಲದಿದ್ದರೆ, ಮಾಡುವಂತಿಲ್ಲ.

ಇದನ್ನು ಓದಿದ ಕೂಡಲೇ ಅಜ್ಜಿ ಕಣ್ಣ ಮುಂದೆ ಬಂದಳು. ಮಡಿ ಸೀರೆಯನ್ನು ಕೋಲಿನಿಂದ ತೆಗೆದು ಉಡುತ್ತಿದ್ದ ಅಜ್ಜಿ.

"ಅಜ್ಜೀ, ಈ ಬಿಸ್ಕತ್ತು ತಿನ್ನಬಹುದಾ?"

"ತಿನ್ನು ಅಂತ ಹೇಳಿದ್ನಾ?"

"ಇಲ್ಲ."

"ಮತ್ತೆ?"

ಅಷ್ಟೇ ಮೀಮಾಂಸೆ. ಏಕಾದಶಿಗೆ ಅನ್ನ ಕೂಡದು, ಅವಲಕ್ಕಿ ಉಪ್ಪಿಟ್ಟು ಎರಡು ತಟ್ಟೆ ಆದರೂ ನಡೆಯುತ್ತದೆ ಎಂಬ ತರ್ಕವೂ ಈ ಪುಸ್ತಕದಲ್ಲಿ ಹಾಗೇ ಇದೆ. ಶಾಕ್ ಅಬ್ಸಾರ್ಬರ್ ಬೇರೆ ಹಾಕಬಹುದು, ಸ್ಪ್ರಿಂಗ್ ಮುಟ್ಟುವಂತಿಲ್ಲ. ಏರ್ ಫಿಲ್ಟರ್ ಬದಲಿಸಬಹುದು, ಅದು ಕೂರುವ ಡಬ್ಬಿ ಬದಲಿಸುವಂತಿಲ್ಲ. ಚಕ್ರದ ಎತ್ತರ ಒಂದಿಂಚು ಆಚೀಚೆ ಆಗಬಹುದು, ಅಗಲ ಮಾತ್ರ ಕಂಪನಿ ಕೊಟ್ಟಷ್ಟೇ.

ನನ್ನ ಕಾರಿನ ಹಿಂದಿನ ಯಜಮಾನ ಮಾಡಬಾರದ್ದನ್ನೆಲ್ಲ ಹುಡುಕಿ ಹುಡುಕಿ ಮಾಡಿದ್ದ. ಕಾರನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗು, ಡಬ್ಬಿಯ ಜಾಗದಲ್ಲಿ ಮಿರಮಿರ ಮಿಂಚುವ ಕೊಳವೆ, ಆರಿಂಚು ಇರಬೇಕಾದ ಕಡೆ ಎಂಟಿಂಚು ಅಗಲದ ಚಕ್ರ. ನೋಡಲಿಕ್ಕೆ ಮದುಮಗ, ನಿಯಮದ ಲೆಕ್ಕದಲ್ಲಿ ಅಡಿಯಿಂದ ಮುಡಿವರೆಗೆ ಮೈಲಿಗೆ.

ಸರಿ, ಶುದ್ಧಿ ಶುರುಮಾಡಿದೆ. ಹಾಸನಕ್ಕೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಇಪ್ಪತ್ತು ವರ್ಷ ಒಂದೇ ಪದ್ಮಿನಿ ಕಾರು ಓಡಿಸಿದ ಮನುಷ್ಯ. "ಹೊಸ ಸ್ಪ್ರಿಂಗ್ ಬಿಚ್ಚಿ ಹಳೇದು ಹಾಕ್ತಿದ್ದೀಯಾ? ಗುಜರಿಯವನು ನಿಂಗೆ ಎಷ್ಟು ಕೊಡ್ತಾನಂತೆ?" ಅಂದರು. ಯಾರೂ ಕೊಡಲ್ಲ, ನಾನೇ ಕೊಡಬೇಕು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮಮ್ಮನ ಕೈಗೆ ಕೊಡ್ತೀನಿ ಇರು."

ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಕಾರಿನ ಹೊಟ್ಟೆಗೆ ಏನು ಮಾಡುತ್ತದೆಂಬುದು, ಸ್ಪ್ರಿಂಗ್ ಬಿಚ್ಚಲೆಂದು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟಾಗ ತಿಳಿಯಿತು. ಬೋಲ್ಟು, ನಟ್ಟು, ಅವುಗಳ ನಡುವಿನ ಬುಶ್ಶು, ಮೂರೂ ಅವಿಭಕ್ತ ಕುಟುಂಬದ ಹಾಗೆ ಒಂದಾಗಿದ್ದವು. ಎಣ್ಣೆ ಬಿಟ್ಟೆ. ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ಉದ್ದನೆಯ ರಾಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಜಗ್ಗಿದೆ. 'ಟಣ್' ಎಂದಿತು. ಬಿಟ್ಟುಕೊಂಡಿತೆಂದು ಖುಷಿಯಾದೆ, ತುಂಡಾಗಿತ್ತು. ನಾಲ್ಕು ಬೋಲ್ಟಿಗೆ ನಾಲ್ಕು ಶನಿವಾರ. ಮೂರನೆಯದರ ಹೊತ್ತಿಗೆ ಬೆರಳ ಗೆಣ್ಣಿನ ಚರ್ಮ ಹೋಗಿ, ಸಾರನ್ನ ಕಲಸಿದರೆ ಉರಿ, ಚಮಚದಲ್ಲಿ ತಿಂದೆ. ಎಲ್ಲ ಜೋಡಿಸಿದ ಮೇಲೆ ಕೈಯಲ್ಲೊಂದು ವಾಷರ್ ಉಳಿಯಿತು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಗುಜರಿಯಿಂದ ತಂದ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಅಳಿಲು ಕೂಡಿಟ್ಟ ಓಕ್ ಬೀಜ, ಹಿಡಿ ತುಂಬ. ಇವನ್ನು ಸೇರಿಸಬಹುದೆಂದು ಪುಸ್ತಕದಲ್ಲಿ ಇಲ್ಲದ್ದರಿಂದ ತೆಗೆದೆ. ಆರಿಂಚಿನ ಹಳೇ ಚಕ್ರಗಳು ಟೈರ್ ಸಮೇತ ಒಬ್ಬರ ಹತ್ತಿರ ಅಗ್ಗಕ್ಕೆ ಸಿಕ್ಕವು. ನಾನು ಬಿಚ್ಚಿದ ಸ್ಪ್ರಿಂಗು, ಕೊಳವೆ, ಅಗಲದ ಚಕ್ರ, ಅದರ ನಟ್ಟುಗಳನ್ನೆಲ್ಲ ಒಬ್ಬ ಕಾಲೇಜು ಹುಡುಗ ಬಂದು, ಬಾಯಿಗೆ ಬಂದ ರೇಟಿಗೆ ಕೇಳಿ, ಒಯ್ದ. ಪೀಡೆ ತೊಲಗಿತು ಅಂದುಕೊಂಡೆ. ಕಾರು ಎರಡು ಬೆರಳು ಎತ್ತರವಾಗಿ, ಸ್ನಾನ ಮಾಡಿ ಮಡಿ ಉಟ್ಟ ಹಾಗೆ ಕಂಗೊಳಿಸಿತು.

ಭಾನುವಾರ ಬೆಳಗ್ಗೆ ಏಳಕ್ಕೇ ಮೈದಾನದಲ್ಲಿದ್ದೆ. ತಪಾಸಣೆಗೆ ಮುಂಚೆ ಕಾರಿನಲ್ಲಿ ಬಿಡಿಯಾಗಿರುವ ಸಾಮಾನೆಲ್ಲ ಹೊರಗಿಡಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಪೆಡಲ್ಲಿನ ಕೆಳಗೆ ಉರುಳಿ ಬರುತ್ತವೆ. ಎರಡು ಸೀಟಿನ ಕಾರಿನಿಂದ ನಾನು ತೆಗೆದದ್ದು: ಮಗಳ ಒಂದು ಕಾಲಿನ ಚಪ್ಪಲಿ, ಚಟ್ನಿಪುಡಿ ಡಬ್ಬಿ, ದೇವಸ್ಥಾನದ ಪ್ರಸಾದದ ಬಾದಾಮಿ, ಮೂರು ಕೊಡೆ, ಗ್ಲೋವ್ ಬಾಕ್ಸಿನ ಮೂಲೆಯಿಂದ ಒಳಗೆ ಹಲ್ಲುಹಲ್ಲಿರುವ ಕಬ್ಬಿಣದ ಗುಬುಟು. ತಪಾಸಣೆಯವರು ಚಕ್ರ ಅಲ್ಲಾಡಿಸಿದರು, ಬ್ರೇಕ್ ನೋಡಿದರು, ಡಿಕ್ಕಿ ತೆಗೆಸಿ ಬ್ಯಾಟರಿ ಜಗ್ಗಿದರು. (ಈ ಕಾಲದ ಮಿಯಾಟಾದ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ.) ಪಾಸಾಯಿತು.

ಪಕ್ಕದಲ್ಲಿ ಟೈರಿನ ಗಾಳಿ ನೋಡುತ್ತಿದ್ದ ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಕಾರನ್ನು ಮೆಚ್ಚಿ ಮಂಡಿಯೂರಿ ಕೂತರು. ಸ್ಪ್ರಿಂಗ್ ನೋಡಿ ತಲೆದೂಗಿದರು. ಡಬ್ಬಿ ನೋಡಿ ತಲೆದೂಗಿದರು. ಟೈರಿನ ಪಕ್ಕೆಯ ಮೇಲೆ ಬೆರಳಾಡಿಸಿ ನಿಂತುಬಿಟ್ಟರು. ಅಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಸವೆತವೂ ಜಾಸ್ತಿ ಎಂಬ ಲೆಕ್ಕ. ಸ್ಟ್ರೀಟ್ ವರ್ಗಕ್ಕೆ ಕನಿಷ್ಠ 200 ಇರಬೇಕು. ನನ್ನ ಅಗ್ಗದ ಟೈರಿನ ಮೇಲೆ 180.

ನಾಲ್ಕು ಶನಿವಾರ ಹತ್ತು ಬೆರಳು ಸವೆಸಿ ಗಳಿಸಿದ ಮಡಿ ಇಪ್ಪತ್ತು ಅಂಕಕ್ಕೆ ಕೆಟ್ಟಿತು. ಹಿರಿಯರು ನನಗಿಂತ ಹೆಚ್ಚು ನೊಂದುಕೊಂಡರು, ಆದರೆ ನಿಯಮ ನಿಯಮವೇ. ನೋಂದಣಿ ಮೇಜಿನಲ್ಲಿ ನನ್ನನ್ನು ಸ್ಟ್ರೀಟ್ ಪ್ರಿಪೇರ್ಡ್ ವರ್ಗಕ್ಕೆ ದಾಟಿಸಿದರು. ಸ್ಪ್ರಿಂಗು, ಕೊಳವೆ, ಅಗಲ ಚಕ್ರ ಎಲ್ಲ ನಡೆಯುವ ಜಾಗ ಅದು. ಪ್ರಿಪೇರ್ಡ್ ಅಂದರೆ ಸಿದ್ಧವಾಗಿ ಬಂದವರು. ಅವರೆಲ್ಲರ ನಡುವೆ ಅಳಿಲಿನ ಡಬ್ಬಿ ಹೊತ್ತುಕೊಂಡು ನಾನು.

ನನ್ನ ವರ್ಗದಲ್ಲಿ ಇನ್ನೊಂದು ಮಿಯಾಟಾ ಇತ್ತು. ನೆಲಕ್ಕೆ ಅಂಟಿದ ಹಾಗೆ ಗಿಡ್ಡ. ಚಕ್ರಗಳನ್ನು ಎಲ್ಲೋ ನೋಡಿದ್ದೇನಲ್ಲ ಅನ್ನುವಷ್ಟರಲ್ಲಿ ಕಾಲೇಜು ಹುಡುಗ ಕೈ ಬೀಸಿದ. ಮುಖ ಮಾತ್ರ ಸಪ್ಪೆ. ತಪಾಸಣೆಯಲ್ಲಿ ಚಕ್ರದ ಒಂದು ನಟ್ಟು ಸಡಿಲ ಅಂದಿದ್ದಾರೆ, ಕಳ್ಳರು ಬಿಚ್ಚದಿರಲೆಂದು ಮಾಡಿದ ಆ ನಟ್ಟಿಗೆ ಬೇರೆಯೇ ತರಹದ ಕೀ ಬೇಕು, ಹಾಕುವಾಗ ಯಾರದೋ ಕೀ ಇಸಕೊಂಡಿದ್ದ, ಈಗ ಅವರಿಲ್ಲ. ಬಿಗಿ ಮಾಡದೆ ಓಡಿಸಲು ಬಿಡುವುದಿಲ್ಲ.

ನನಗೆ ಗುಬುಟು ನೆನಪಾಯಿತು. ಚಟ್ನಿಪುಡಿ ಡಬ್ಬಿಯ ಪಕ್ಕದಿಂದ ತಂದು ಕೊಟ್ಟೆ. ಕೂತಿತು. ಹುಡುಗ ಎರಡು ಕೈಯಲ್ಲಿ ನನ್ನ ಕೈ ಕುಲುಕಿದ, ಗೆಣ್ಣಿನ ಗಾಯ ಇದ್ದ ಕೈಯನ್ನೇ.

ಸಂಜೆ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು, "ಎಷ್ಟನೇ ನಂಬರ್ ಬಂದ್ರಿ?"

"ಎರಡನೇ."

"ಅಯ್ಯೋ, ಪರವಾಗಿಲ್ವೇ! ಎಷ್ಟು ಜನ ಇದ್ರು?"

"ಇಬ್ರು."

ಒಲೆ ಆರಿಸಿ ಹೊರಗೆ ಬಂದಳು. ಟೈರಿನ ಕಥೆ ಹೇಳಿದೆ, ಮೂರೂವರೆ ಸೆಕೆಂಡಿನ ಅಂತರ ಹೇಳಿದೆ, ಕೀ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದಳು, "ಕೀ ಹೋಗಲಿ ಬಿಡಿ. ಚಟ್ನಿಪುಡಿ ಡಬ್ಬಿ ತಂದ್ರಾ?"

ತಂದಿರಲಿಲ್ಲ.